ಅರೆಹೊಟ್ಟೆಯ ಎಂಜಿನ್

ಕಪ್ಪು ಹೊಗೆಯುಗುಳುತ್ತ ಸಾಗುವ ಕಾರನ್ನು ಕಂಡರೆ ಅದಕ್ಕೇನೋ ಕಾಯಿಲೆಯಿದೆಯೆಂದು ದಾರಿಹೋಕನೂ ಹೇಳಬಲ್ಲನು. ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲು ಕುಡಿಯುವ ಎಂಜಿನ್ನಿನ ಗುಟ್ಟು ಬಹುಕಾಲ ಅಡಗುವುದಿಲ್ಲ. ಹೊಗೆ, ಮೂಗಿಗಡರುವ ವಾಸನೆ, ತಿಂಗಳ ಕೊನೆಗೆ ಬಂಕಿನ ಲೆಕ್ಕ, ಇವು ಮೂರೂ ಸೇರಿ ಅದನ್ನು ಸಾರಿಬಿಡುತ್ತವೆ. ಪೆಟ್ರೋಲು ಸಾಲದೆ ಅರೆಹೊಟ್ಟೆಯಲ್ಲಿ ದುಡಿಯುವ ಎಂಜಿನ್ನಿನ ಸಂಗತಿ ಬೇರೆ. ಅದಕ್ಕೆ ಹೊಗೆಯಿಲ್ಲ, ವಾಸನೆಯಿಲ್ಲ. ಕೆಲವು ವೇಳೆ ಅದು ಮನೆಮಂದಿಯ ಹೊಗಳಿಕೆಗೂ ಪಾತ್ರವಾಗುತ್ತದೆ. "ನಮ್ಮ ಗಾಡಿ ಈಗ ಲೀಟರಿಗೆ ಎರಡು ಕಿಲೋಮೀಟರ್ ಹೆಚ್ಚು ಓಡುತ್ತಿದೆ" ಎಂದು ಯಜಮಾನರು ನೆರೆಯವರೊಡನೆ ಹೇಳಿಕೊಳ್ಳುತ್ತಿರುವಾಗಲೇ ಆ ಎಂಜಿನ್ ಒಳಗೊಳಗೆ ತನ್ನ ವಾಲ್ವುಗಳನ್ನು ಸುಟ್ಟುಕೊಳ್ಳುತ್ತಿರುವುದುಂಟು.

ಗ್ಯಾರೇಜುಗಳಲ್ಲಿ ಈ ಸ್ಥಿತಿಗೆ 'ಲೀನ್' ಎಂದು ಹೆಸರು; ತೆಳು ಮಿಶ್ರಣವೆಂದು ಕನ್ನಡದಲ್ಲಿ ಕರೆಯಬಹುದು. ಜ್ವರದ ಹಾಗೆ ಇದರ ಹೆಸರು ಒಂದೇ ಆದರೂ ಕಾರಣಗಳು ಹಲವು. ಹೆಸರು ತಿಳಿದೊಡನೆ ಔಷಧಕ್ಕೆ ಕೈಹಾಕುವವರು ಹಣ ಕಳೆದುಕೊಳ್ಳುತ್ತಾರೆ. ಎಂಜಿನ್ ಯಾವ ಹೊತ್ತಿನಲ್ಲಿ, ಯಾವ ಕೆಲಸ ಮಾಡುವಾಗ ನರಳುತ್ತದೆಯೆಂದು ಮೊದಲು ವಿಚಾರಿಸುವವರು ಹಣವನ್ನೂ ಎಂಜಿನ್ನನ್ನೂ ಉಳಿಸಿಕೊಳ್ಳುತ್ತಾರೆ.

ಗಾಳಿ ಪೆಟ್ರೋಲುಗಳ ಲೆಕ್ಕ

ಕಾರು ಪೆಟ್ರೋಲಿನಿಂದ ಓಡುತ್ತದೆಂದು ನಾವು ಹೇಳುವುದು ವಾಡಿಕೆ. ತೂಕದ ಲೆಕ್ಕದಲ್ಲಿ ನೋಡಿದರೆ ಅದು ಹೆಚ್ಚಾಗಿ ಸೇವಿಸುವುದು ಗಾಳಿಯನ್ನು. ಒಂದು ಕಿಲೋಗ್ರಾಂ ಪೆಟ್ರೋಲು ಸಂಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕು. ಅಳತೆಗೆ ತಂದರೆ, ಒಂದು ಲೀಟರು ಪೆಟ್ರೋಲಿಗೆ ಸುಮಾರು 9,000 ಲೀಟರು ಗಾಳಿ! ಬಂಕಿನಲ್ಲಿ ಹಣ ತೆತ್ತು ಕೊಳ್ಳುವ ಒಂದು ಲೀಟರಿನ ಹಿಂದೆ ಪುಕ್ಕಟೆಯಾಗಿ ಬರುವ ಒಂದು ಸಣ್ಣ ಕೋಣೆಯಷ್ಟು ಗಾಳಿ ಇದೆ.

ಈ 14.7 ಎಂಬ ಅಂಕಿಯನ್ನು ಎಂಜಿನ್ ಎಲ್ಲ ಕಾಲದಲ್ಲಿಯೂ ಪಾಲಿಸಬೇಕೆಂದಿಲ್ಲ. ತಣ್ಣಗಿರುವ ಎಂಜಿನ್ನನ್ನು ಮುಂಜಾನೆ ಎಬ್ಬಿಸುವಾಗ ಹೆಚ್ಚು ಪೆಟ್ರೋಲು ಬೇಕು. ತುಂಬಿದ ಗಾಡಿ ದಿಬ್ಬವೇರುವಾಗ ಒಂದು ಪಾಲು ಪೆಟ್ರೋಲಿಗೆ ಹನ್ನೆರಡೂವರೆಯಿಂದ ಹದಿಮೂರು ಪಾಲು ಗಾಳಿಯಿದ್ದರೆ ಪೂರ್ಣ ಬಲ ದೊರೆಯುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಹದವಾದ ವೇಗದಿಂದ ಹೋಗುವಾಗ ಹದಿನೈದೂವರೆ, ಹದಿನಾರು ಪಾಲು ಗಾಳಿಯಾದರೂ ನಡೆಯುತ್ತದೆ, ಮಿತವ್ಯಯವೂ ಆಗುತ್ತದೆ. ಸಾಮಾನ್ಯ ಎಂಜಿನ್ನುಗಳಲ್ಲಿ ಇದು ಹದಿನೇಳು ಹದಿನೆಂಟಕ್ಕೆ ಏರಿದರೆ ಕಿಡಿ ಬಿದ್ದರೂ ಮಿಶ್ರಣ ಸರಿಯಾಗಿ ಹೊತ್ತಿಕೊಳ್ಳದು.

ತೆಳು ಮಿಶ್ರಣವೆಲ್ಲ ದೋಷವೆಂದು ಇದರಿಂದ ಭಾವಿಸಬಾರದು. 1970ರ ದಶಕದಲ್ಲಿ ಜಪಾನಿನ ಹೋಂಡಾ ಕಂಪನಿ ತನ್ನ ಸಿವಿಕ್ ಕಾರಿಗೆ ಒಂದು ಜಾಣ ಎಂಜಿನ್ನನ್ನು ಅಳವಡಿಸಿತು. ಸಿಲಿಂಡರಿನ ಪಕ್ಕದ ಒಂದು ಚಿಕ್ಕ ಗೂಡಿನಲ್ಲಿ ಗಾಢ ಮಿಶ್ರಣವನ್ನು ಹೊತ್ತಿಸಿ, ಆ ಜ್ವಾಲೆಯಿಂದ ದೊಡ್ಡ ಗೂಡಿನ ತೆಳು ಮಿಶ್ರಣವನ್ನು ಉರಿಸುವ ಏರ್ಪಾಡು ಅದು. ಹೊಗೆ ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದೆಯೇ ಆ ಕಾರು ಅಮೆರಿಕದ ಕಠಿಣ ನಿಯಮಗಳನ್ನು ದಾಟಿತು. ಅಲ್ಲಿ ತೆಳುವನ್ನು ತಿಳಿದು ಕಟ್ಟಲಾಗಿತ್ತು. ಹಾಗೆ ಕಟ್ಟದ ಎಂಜಿನ್ನಿನಲ್ಲಿ ಅದು ತಾನಾಗಿ ಬಂದು ಸೇರಿಕೊಂಡಾಗಲೇ ತೊಂದರೆ.

ಆ ತೊಂದರೆಯ ಸ್ವರೂಪವನ್ನು ಅನೇಕರು ಅರ್ಧ ಮಾತ್ರ ಬಲ್ಲರು. ತೆಳು ಮಿಶ್ರಣ ಬಿಸಿಯಾಗಿ ಉರಿಯುತ್ತದೆಂಬ ಮಾತು ಗ್ಯಾರೇಜುಗಳಲ್ಲಿ ಬಳಕೆಯಲ್ಲಿದೆ. ತೀರ ತೆಳುವಾದ ಮಿಶ್ರಣ ಹೆಚ್ಚು ಬಿಸಿಯಾಗುವುದಿಲ್ಲ. ಅದು ನಿಧಾನವಾಗಿ ಉರಿಯುತ್ತದೆ. ಹೊಗೆ ಹೊರಬಿಡುವ ವಾಲ್ವು ತೆರೆಯುವ ಹೊತ್ತಿಗೂ ಜ್ವಾಲೆ ಆರಿರುವುದಿಲ್ಲವಾದ್ದರಿಂದ ಆ ವಾಲ್ವಿಗೆ ಬೆಂಕಿ ತಾಗುತ್ತದೆ. ಭಾರ ಎಳೆಯುವ ಹೊತ್ತಿನ ಅಪಾಯ ಇನ್ನೊಂದು ಬಗೆಯದು. ಆಗ ಎಂಜಿನ್ನಿಗೆ ಸಿಗಬೇಕಾದ ಹೆಚ್ಚುವರಿ ಪೆಟ್ರೋಲು ಆವಿಯಾಗುವಾಗ ಶಾಖವನ್ನು ಹೀರಿಕೊಂಡು ಒಳಭಾಗವನ್ನು ಕಾಪಾಡುತ್ತದೆ. ಹದಿಮೂರರ ಮಿಶ್ರಣ ಬೇಕಾದ ಕಡೆ ಹದಿನೈದರದು ದೊರೆತರೆ ಆ ರಕ್ಷಣೆ ತಪ್ಪಿಹೋಗಿ, ಪಿಸ್ಟನ್ನಿನ ತಲೆಯೂ ವಾಲ್ವಿನ ಅಂಚೂ ತಾಳಲಾರದಷ್ಟು ಕಾಯುತ್ತವೆ. ಅಡಿಗೆಯ ಒಲೆಯನ್ನು ಬಲ್ಲ ಗೃಹಿಣಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ನೀರು ಇಂಗಿದ ಪಾತ್ರೆ ತಳ ಹಿಡಿಯುವುದು ಉರಿ ಹೆಚ್ಚಿದ್ದರಿಂದ ಮಾತ್ರವಲ್ಲವಷ್ಟೆ.

ನರಳುವ ಬಗೆ

ಅರೆಹೊಟ್ಟೆಯ ಎಂಜಿನ್ನಿಗೆ ಕೆಲವು ಸ್ಪಷ್ಟ ಲಕ್ಷಣಗಳುಂಟು. ಬೆಳಗಿನಲ್ಲಿ ಸ್ಟಾರ್ಟ್ ಆಗಲು ಮೊಂಡು ಹಿಡಿಯುವುದು. ಆಕ್ಸಿಲರೇಟರನ್ನು ಒತ್ತಿದೊಡನೆ ಮುಂದೆ ನೆಗೆಯುವ ಬದಲು ಒಂದು ಕ್ಷಣ ತಡವರಿಸುವುದು. ಒಂದೇ ವೇಗದಲ್ಲಿ ಹೋಗುತ್ತಿರುವಾಗ ಯಾರೋ ಹಿಂದಿನಿಂದ ಹಿಡಿದೆಳೆದು ಬಿಡುತ್ತಿರುವಂತೆ ತೂಗಾಡುವುದು. ನಿಂತಲ್ಲಿ ಎಂಜಿನ್ನಿನ ಸದ್ದು ಏರಿಳಿಯುವುದು. ಹಳೆಯ ಗಾಡಿಗಳಲ್ಲಿ ಕಾರ್ಬುರೇಟರಿನ ಬಾಯಿಯಿಂದಲೇ 'ಠಪ್' ಎಂದು ಸಿಡಿಯುವುದು. ಈ ಕೊನೆಯ ಲಕ್ಷಣಕ್ಕೆ ಕಾರಣ ಮೇಲೆ ಹೇಳಿದ ನಿಧಾನದ ಉರಿಯೇ. ಹೊಸ ಮಿಶ್ರಣಕ್ಕೆ ಬಾಗಿಲು ತೆರೆದಾಗಲೂ ಹಳೆಯ ಜ್ವಾಲೆ ಒಳಗೆ ಜೀವಂತವಾಗಿದ್ದು, ಬರುವ ಮಿಶ್ರಣವನ್ನು ದಾರಿಯಲ್ಲಿಯೇ ಹೊತ್ತಿಸುತ್ತದೆ.

ಆದರೆ ಇವುಗಳಲ್ಲಿ ಯಾವ ಲಕ್ಷಣವೂ ತೆಳು ಮಿಶ್ರಣದ ಸ್ವಂತ ಸೊತ್ತಲ್ಲ. ಕಿಡಿ ದುರ್ಬಲವಾದರೂ, ಕಿಡಿಯ ವೇಳೆ ತಪ್ಪಿದರೂ, ವಾಲ್ವು ಸರಿಯಾಗಿ ಮುಚ್ಚದಿದ್ದರೂ ಎಂಜಿನ್ ಹೀಗೆಯೇ ತಡವರಿಸಬಹುದು. ಆದುದರಿಂದ ಮೊದಲು ರೋಗ ಯಾವುದೆಂದು ಖಚಿತಪಡಿಸಿಕೊಳ್ಳಬೇಕು. ಕಾರ್ಬುರೇಟರಿನ ಕಾರುಗಳಲ್ಲಿ, ಅಂದರೆ ಅಂಬಾಸಡರ್, ಪದ್ಮಿನಿ, 1983ರಲ್ಲಿ ರಸ್ತೆಗಿಳಿದ ಮಾರುತಿ 800ರ ಹಳೆಯ ಮಾದರಿಗಳಲ್ಲಿ, ಇದಕ್ಕೆ ಕಾಸಿನ ಖರ್ಚಿಲ್ಲದ ಪರೀಕ್ಷೆಯೊಂದಿದೆ. ಬಿಸಿಯಾದ ಎಂಜಿನ್ ತಡವರಿಸುತ್ತಿರುವಾಗ ಚೋಕನ್ನು ತುಸು ಎಳೆಯಬೇಕು. ಚೋಕು ಗಾಳಿಯನ್ನು ತಡೆದು ಪೆಟ್ರೋಲಿನ ಪಾಲನ್ನು ಹೆಚ್ಚಿಸುತ್ತದೆ. ಎಂಜಿನ್ ಒಡನೆಯೇ ಚೇತರಿಸಿಕೊಂಡರೆ ಅದಕ್ಕೆ ಹಸಿವಾಗಿದ್ದುದು ನಿಜ. ಇನ್ನಷ್ಟು ಕೆಟ್ಟರೆ ದೋಷವನ್ನು ಬೇರೆ ಕಡೆ ಹುಡುಕಬೇಕು.

ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ಬಣ್ಣ ನೋಡುವುದು ಇನ್ನೊಂದು ಹಳೆಯ ಪದ್ಧತಿ. 1951ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮೈಕೋ ಕಾರ್ಖಾನೆಯ ಪ್ಲಗ್ಗುಗಳನ್ನು ನಾಲಗೆ ನೋಡುವ ವೈದ್ಯರಂತೆ ಬೆಳಕಿಗೆ ಹಿಡಿದು ರೋಗ ಹೇಳುತ್ತಿದ್ದ ಮೆಕ್ಯಾನಿಕರ ಪೀಳಿಗೆಯೊಂದಿತ್ತು. ತುದಿ ಕಾಫಿ ಬಣ್ಣಕ್ಕಿದ್ದರೆ ಆರೋಗ್ಯ. ಮಸಿ ಕಟ್ಟಿದ್ದರೆ ಪೆಟ್ರೋಲು ಹೆಚ್ಚು. ಸುಣ್ಣದಂತೆ ಬಿಳಿಚಿ ಗುಳ್ಳೆಯೆದ್ದಿದ್ದರೆ ತೆಳು ಮಿಶ್ರಣ. ಸೀಸ ಬೆರೆಸದ ಇಂದಿನ ಪೆಟ್ರೋಲಿನಲ್ಲಿ ಆರೋಗ್ಯವಂತ ಪ್ಲಗ್ಗೂ ಬಹುಮಟ್ಟಿಗೆ ಬಿಳಿದಾಗಿಯೇ ಇರುವುದರಿಂದ ಈ ಪರೀಕ್ಷೆಯೊಂದನ್ನೇ ನಂಬಲಾಗದು. ಹಾಗಿದ್ದರೂ ನಾಲ್ಕು ಪ್ಲಗ್ಗುಗಳಲ್ಲಿ ಮೂರು ಒಂದು ಬಗೆಯಾಗಿದ್ದು ಒಂದು ಮಾತ್ರ ಬಿಳಿಚಿದ್ದರೆ, ದೋಷ ಆ ಒಂದು ಸಿಲಿಂಡರಿನ ಹತ್ತಿರವೇ ಇದೆಯೆಂಬ ಸುಳಿವು ಇಂದಿಗೂ ಸಿಗುತ್ತದೆ.

ಗಾಳಿ ಹೆಚ್ಚೋ, ಪೆಟ್ರೋಲು ಕಡಿಮೆಯೋ?

ಮಿಶ್ರಣ ತೆಳುವಾಗಿರುವುದು ಖಚಿತವಾದ ಮೇಲೆ ಉಳಿಯುವ ಮುಖ್ಯ ಪ್ರಶ್ನೆ ಇದು. ಸಾರು ನೀರಾಗಿದ್ದರೆ ನೀರು ಹೆಚ್ಚು ಸುರಿದಿರಬಹುದು, ಬೇಳೆ ಕಡಿಮೆ ಹಾಕಿರಬಹುದು. ಎಂಜಿನ್ನಿನಲ್ಲಿಯೂ ದಾರಿಗಳು ಎರಡೇ. ಲೆಕ್ಕಕ್ಕೆ ಸಿಗದ ಗಾಳಿ ಎಲ್ಲಿಂದಲೋ ಒಳನುಗ್ಗುತ್ತಿರಬೇಕು, ಇಲ್ಲವೆ ಬರಬೇಕಾದ ಪೆಟ್ರೋಲು ದಾರಿಯಲ್ಲಿ ತಡೆದಿರಬೇಕು.

ಇವೆರಡನ್ನು ಬೇರ್ಪಡಿಸಲು ಒಂದು ಸುಲಭ ತರ್ಕವಿದೆ. ಎಂಜಿನ್ ನಿಂತಲ್ಲಿಯೇ ತಿರುಗುತ್ತಿರುವಾಗ ಅದು ಸೇದುವ ಗಾಳಿ ಬಹಳ ಸ್ವಲ್ಪ. ಆಗ ಗ್ಯಾಸ್ಕೆಟ್ಟಿನ ಬಿರುಕಿನಿಂದಲೋ ರಬ್ಬರಿನ ಹೋಸ್ ಸೀಳಿದ್ದರಿಂದಲೋ ನುಸುಳುವ ಕಳ್ಳಗಾಳಿ ದೊಡ್ಡ ಪಾಲಾಗುತ್ತದೆ, ಎಂಜಿನ್ ನಡುಗುತ್ತದೆ. ವೇಗ ಹೆಚ್ಚಿಸಿ ಭಾರ ಹೇರಿದಂತೆಲ್ಲ ಸರಿಯಾದ ದಾರಿಯಿಂದ ಬರುವ ಗಾಳಿಯೇ ಹೇರಳವಾಗಿ, ಆ ಸೋರಿಕೆ ಲೆಕ್ಕಕ್ಕಿಲ್ಲದಂತಾಗುತ್ತದೆ. ಪೆಟ್ರೋಲಿನ ಕೊರತೆ ಇದಕ್ಕೆ ತೀರ ವಿರುದ್ಧ. ಫಿಲ್ಟರ್ ಅರ್ಧ ಕಟ್ಟಿದ್ದರೂ, ಪಂಪು ಬಡಕಲಾಗಿದ್ದರೂ ನಿಂತಲ್ಲಿ ಬೇಕಾಗುವ ಹನಿ ಪೆಟ್ರೋಲಿಗೆ ಕೊರತೆಯಿಲ್ಲ. ಹೆದ್ದಾರಿಯಲ್ಲಿ ಲಾರಿಯೊಂದನ್ನು ಹಿಂದೆ ಹಾಕಬೇಕಾದಾಗ, ಘಟ್ಟ ಹತ್ತಬೇಕಾದಾಗ ಬಡತನ ಬಯಲಾಗುತ್ತದೆ. ನಿಂತಾಗ ನರಳಿ ಓಡುವಾಗ ಸುಧಾರಿಸಿದರೆ ಗಾಳಿಯನ್ನು ಶಂಕಿಸಬೇಕು; ನಿಂತಾಗ ನೆಮ್ಮದಿಯಿಂದಿದ್ದು ದುಡಿಯುವಾಗ ಸೋತರೆ ಪೆಟ್ರೋಲನ್ನು ಶಂಕಿಸಬೇಕು. ಈ ಒಂದು ವಿಚಾರಣೆಯಿಂದ ಅರ್ಧ ಗ್ಯಾರೇಜಿನ ಕೆಲಸ ಮುಗಿದಂತೆ.

ಸೋರುವ ಜಾಗವನ್ನು ಹುಡುಕುವಾಗ ಕಿವಿ ಮೊದಲ ಸಾಧನ. ಸೀಳಿದ ಹೋಸ್ 'ಸುಸ್' ಎಂದು ಉಸಿರೆಳೆಯುವುದು ಕೇಳಿಸುತ್ತದೆ. ಶಂಕೆಯಿರುವ ಕೂಡುಗಳ ಮೇಲೆ ಸಾಬೂನಿನ ನೀರು ಚಿಮುಕಿಸಿದಾಗ ಎಂಜಿನ್ನಿನ ದನಿ ಬದಲಾದರೆ ಸೋರಿಕೆ ಅಲ್ಲಿಯೇ. ಹೊತ್ತಿಕೊಳ್ಳುವ ದ್ರವವನ್ನು ಚಿಮುಕಿಸಿ ನೋಡುವ ಅಭ್ಯಾಸವೂ ಕೆಲವೆಡೆ ಇದೆ. ಕಾದ ಎಂಜಿನ್ನಿನ ಮೇಲೆ ಅದು ಬೆಂಕಿಯೊಡನೆ ಸರಸವಾದ್ದರಿಂದ ಮನೆಯವರು ಅದಕ್ಕೆ ಕೈಹಾಕಲೇಬಾರದು. ಒಳ್ಳೆಯ ಗ್ಯಾರೇಜುಗಳಲ್ಲಿ ನಿಂತ ಎಂಜಿನ್ನಿನೊಳಗೆ ಹೊಗೆ ತುಂಬಿಸಿ ಅದು ಎಲ್ಲಿಂದ ಹೊರಬರುತ್ತದೆಂದು ನೋಡುವ ಯಂತ್ರವಿರುತ್ತದೆ. ಒಂದು ಹೋಸ್ ಮಾತ್ರ ವಿಶೇಷ ಗಮನಕ್ಕೆ ಅರ್ಹ. ಬ್ರೇಕಿನ ಬೂಸ್ಟರಿಗೆ ಹೋಗುವ ಆ ಹೋಸ್ ಸೀಳಿದರೆ ಎಂಜಿನ್ ತಡವರಿಸುವುದರ ಜೊತೆಗೆ ಬ್ರೇಕಿನ ಪೆಡಲೂ ಕಲ್ಲಿನಂತೆ ಗಟ್ಟಿಯಾಗುತ್ತದೆ. ಅಂಥ ಗಾಡಿಯನ್ನು ಮನೆಯವರೆಗೂ ಓಡಿಸದೆ ಅಲ್ಲಿಯೇ ನಿಲ್ಲಿಸುವುದು ವಿವೇಕ.

ಕಂಪ್ಯೂಟರಿನ ಸಾಕ್ಷ್ಯ

ಈಗಿನ ಕಾರುಗಳಲ್ಲಿ ಕಾರ್ಬುರೇಟರೂ ಇಲ್ಲ, ಎಳೆಯಲು ಚೋಕೂ ಇಲ್ಲ. ಪೆಟ್ರೋಲನ್ನು ಅಳೆದು ಚಿಮ್ಮುವ ಇಂಜೆಕ್ಟರುಗಳನ್ನು ಕಂಪ್ಯೂಟರೊಂದು ಆಳುತ್ತದೆ. ಅದಕ್ಕೆ ಸುದ್ದಿ ತರುವ ದೂತ, ಹೊಗೆಕೊಳವೆಯಲ್ಲಿ ಕುಳಿತಿರುವ ಆಕ್ಸಿಜನ್ ಸೆನ್ಸರ್. ಮೈಕೋದ ಮೂಲ ಸಂಸ್ಥೆಯಾದ ಜರ್ಮನಿಯ ಬಾಷ್ ಇದನ್ನು ಸಿದ್ಧಪಡಿಸಿ, 1976ರಲ್ಲಿ ಸ್ವೀಡನ್ನಿನ ವೋಲ್ವೋ ಕಾರುಗಳ ಮೂಲಕ ಬಳಕೆಗೆ ತಂದಿತು. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಹೊರಗಿನ ಗಾಳಿಯೊಡನೆ ಹೋಲಿಸಿ ಅದು ಒಂದು ವೋಲ್ಟಿಗಿಂತ ಕಡಿಮೆಯ ಸಣ್ಣ ವಿದ್ಯುತ್ ಸಂಕೇತವನ್ನು ಕಳುಹಿಸುತ್ತದೆ. ಆಮ್ಲಜನಕ ಹೆಚ್ಚು ಉಳಿದಿದ್ದರೆ ಕಂಪ್ಯೂಟರು ಪೆಟ್ರೋಲನ್ನು ಹೆಚ್ಚಿಸುತ್ತದೆ. ಹೆಚ್ಚಿಸಿ ಹೆಚ್ಚಿಸಿ ತನ್ನ ಮಿತಿ ಮುಗಿದಾಗ ಸೋಲೊಪ್ಪಿ, ಮುಂಭಾಗದ ಫಲಕದಲ್ಲಿ ಎಂಜಿನ್ನಿನ ಹಳದಿ ದೀಪ ಬೆಳಗಿಸಿ, ಪಿ0171 ಎಂಬ ಸಂಕೇತವನ್ನು ಬರೆದಿಡುತ್ತದೆ. ಮಿಶ್ರಣ ಅತಿ ತೆಳುವಾಗಿದೆಯೆಂದು ಅದರ ಅರ್ಥ.

ಇಲ್ಲಿಯೇ ಅನೇಕ ಸಂಸಾರಗಳ ಹಣ ಸೋರುವುದು. ಸ್ಕ್ಯಾನರಿನಲ್ಲಿ ಈ ಸಂಕೇತ ಕಂಡೊಡನೆ "ಸೆನ್ಸರ್ ಹೋಗಿದೆ ಸಾರ್, ಬದಲಾಯಿಸಿಬಿಡೋಣ" ಎನ್ನುವ ಅವಸರದವರುಂಟು. ಸುದ್ದಿ ಕೆಟ್ಟದ್ದೆಂದು ಸುದ್ದಿ ತಂದವನನ್ನು ಶಿಕ್ಷಿಸಿದಂತಾಯಿತು ಇದು. ಸಾವಿರಗಟ್ಟಲೆ ಬೆಲೆಯ ಹೊಸ ಸೆನ್ಸರ್ ಬಂದು ಕುಳಿತು ವಾರ ಕಳೆಯುವುದರೊಳಗೆ ಅದೇ ದೂರನ್ನು ಹೇಳಿದಾಗ, ಸೀಳಿದ ಒಂದು ರಬ್ಬರಿನ ತುಂಡು ಇನ್ನೂ ಅಲ್ಲಿಯೇ ಇರುತ್ತದೆ.

ಹಾಗೆಂದು ಈ ಸಾಕ್ಷಿಯ ಮಾತನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಅದು ಎಣಿಸುವುದು ಆಮ್ಲಜನಕವನ್ನು ಮಾತ್ರ. ಪೆಟ್ರೋಲನ್ನು ಅದು ಕಾಣದು. ಸೆನ್ಸರಿಗಿಂತ ಮುಂಚೆ ಹೊಗೆಕೊಳವೆಯಲ್ಲಿ ಬಿರುಕಿದ್ದರೆ ಹೊರಗಿನ ಗಾಳಿ ಒಳಸೇರಿ ಸುಳ್ಳು ತೆಳುವನ್ನು ತೋರಿಸುತ್ತದೆ. ಒಂದು ಪ್ಲಗ್ಗಿನಲ್ಲಿ ಕಿಡಿಯೇ ಬೀಳದಿದ್ದರೆ ಉರಿಯದ ಪೆಟ್ರೋಲಿನೊಡನೆ ಬಳಕೆಯಾಗದ ಆಮ್ಲಜನಕವೂ ಹೊರಬೀಳುತ್ತದೆ; ಸೆನ್ಸರ್ ಆಗಲೂ ತೆಳುವೆಂದೇ ಸಾಕ್ಷಿ ನುಡಿಯುತ್ತದೆ. ಒಳಗೆ ಬರುವ ಗಾಳಿಯನ್ನು ಅಳೆಯುವ ಇನ್ನೊಂದು ಸೆನ್ಸರಿನ ತಂತಿಗೆ ಧೂಳು ಹಿಡಿದಿದ್ದರೆ, ಅದು ಇದ್ದುದಕ್ಕಿಂತ ಕಡಿಮೆ ಲೆಕ್ಕ ಕೊಟ್ಟು ಕಂಪ್ಯೂಟರನ್ನೇ ದಾರಿತಪ್ಪಿಸುತ್ತದೆ.

ಸತ್ಯ ತಿಳಿಯಲು ಹಳೆಯ ತರ್ಕವೇ ಇಲ್ಲಿಯೂ ನೆರವಿಗೆ ಬರುತ್ತದೆ. ಕಂಪ್ಯೂಟರು ತನ್ನ ಮೂಲ ಲೆಕ್ಕಕ್ಕಿಂತ ಎಷ್ಟು ಪೆಟ್ರೋಲನ್ನು ಹೆಚ್ಚಾಗಿ ಕೊಡುತ್ತಿದೆಯೆಂಬುದನ್ನು ಸ್ಕ್ಯಾನರ್ ಶೇಕಡಾವಾರು ತೋರಿಸುತ್ತದೆ. ಹತ್ತರ ಒಳಗಿನ ವ್ಯತ್ಯಾಸ ಸಾಮಾನ್ಯವಾಗಿ ಸಹಜ. ನಿಂತಾಗ ಅದು ಶೇಕಡ 20 ಇದ್ದು, ಎಂಜಿನ್ನಿನ ಸುತ್ತು ನಿಮಿಷಕ್ಕೆ 2,500ಕ್ಕೆ ಏರಿದಾಗ ಶೇಕಡ 4ಕ್ಕೆ ಇಳಿದರೆ ಕಳ್ಳಗಾಳಿಯನ್ನು ಹುಡುಕಬೇಕು. ನಿಂತಾಗ 4 ಇದ್ದು ಭಾರ ಬಿದ್ದಾಗ 20 ಆದರೆ ಪೆಟ್ರೋಲಿನ ಒತ್ತಡವನ್ನು ಅಳೆದು ನೋಡಬೇಕು. ಯಂತ್ರ ಹೊಸದಾದರೂ ಕೇಳಬೇಕಾದ ಪ್ರಶ್ನೆ ಅಜ್ಜನ ಕಾಲದ್ದೇ.

ಸಣ್ಣ ಕೊರತೆಗಳ ಮೊತ್ತ

ಎಲ್ಲ ಕೊರತೆಯೂ ಒಡೆದ ಭಾಗದಿಂದಲೇ ಹುಟ್ಟಬೇಕೆಂದಿಲ್ಲ. ಪ್ರೀತಿಯಿಂದ ಉಳಿಸಿಕೊಂಡ ಹಳೆಯ ಕಾರ್ಬುರೇಟರಿನ ಕಾರೊಂದು ಬೆಂಗಳೂರಿನ ಮನೆಯೊಂದರಲ್ಲಿ ಇದೆಯೆಂದು ಎಣಿಸೋಣ. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಬೆರೆಸುವ ಗುರಿ ಕೈಗೂಡಿತು. ಎಥನಾಲ್ ತನ್ನಲ್ಲಿಯೇ ಆಮ್ಲಜನಕವನ್ನು ಹೊಂದಿರುವ ಇಂಧನವಾದ್ದರಿಂದ ಅದರ ಒಂದು ಪಾಲಿಗೆ ಸುಮಾರು ಒಂಬತ್ತು ಪಾಲು ಗಾಳಿ ಸಾಕು. ಹೊಸ ಕಾರಿನ ಕಂಪ್ಯೂಟರು ಇದನ್ನು ಅರಿತು ಇಂಧನ ಹೆಚ್ಚಿಸಿಕೊಳ್ಳುತ್ತದೆ. ಕಾರ್ಬುರೇಟರಿಗೆ ಆ ಬುದ್ಧಿಯಿಲ್ಲ. ಅದು ಹಳೆಯ ಅಳತೆಯನ್ನೇ ಸುರಿಯುತ್ತದೆ. ಮಿಶ್ರಣ ನೂರಕ್ಕೆ ಸುಮಾರು ಏಳರಷ್ಟು ತೆಳುವಾಯಿತು.

ಇನ್ನು ಮನೆಯ ಯಜಮಾನರು ಮೈಲೇಜಿನ ಆಸೆಯಿಂದ ಮೆಕ್ಯಾನಿಕನಿಗೆ ಹೇಳುತ್ತಾರೆ: "ನೋಡಪ್ಪ, ಸ್ವಲ್ಪ ಪೆಟ್ರೋಲು ಕಡಿಮೆ ಕುಡಿಯೋ ಹಾಗೆ ಮಾಡಿಕೊಡು." ಅವನು "ಆಗಲಿ ಸಾರ್" ಎಂದು ಕಾರ್ಬುರೇಟರಿನ ಜೆಟ್ಟನ್ನು ತುಸು ಚಿಕ್ಕದಕ್ಕೆ ಬದಲಾಯಿಸುತ್ತಾನೆ. ನೂರಕ್ಕೆ ಇನ್ನೊಂದು ಐದು ಹೋಯಿತೆನ್ನೋಣ. ಬೆಂಗಳೂರಿನ ಸಮತಟ್ಟಾದ ಬೀದಿಗಳಲ್ಲಿ ಇಷ್ಟಾದರೂ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ರಜೆ ಬಂದಾಗ ಸಂಸಾರ ಮಂಗಳೂರಿಗೆ ಹೊರಡುತ್ತದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿ ವಿರಳ. ಕರಾವಳಿಯ ದಟ್ಟ ಗಾಳಿಗೆ ಇಳಿದಾಗ, ಮೇಲಿನೂರಿನಲ್ಲಿ ಹೊಂದಿಸಿದ ಕಾರ್ಬುರೇಟರಿನ ಮಿಶ್ರಣ ನೂರಕ್ಕೆ ನಾಲ್ಕರಷ್ಟು ಮತ್ತೆ ತೆಳುವಾಗುತ್ತದೆ. ಎಥನಾಲಿನ ಏಳು, ಮೈಲೇಜಿನ ಐದು, ಕರಾವಳಿಯ ನಾಲ್ಕು: ಒಟ್ಟು ಹದಿನಾರಕ್ಕೂ ಮೇಲೆ. ಹಿಂದಿರುಗುವಾಗ ಐವರು ಕುಳಿತು, ಡಿಕ್ಕಿಯ ತುಂಬ ಸಾಮಾನು ಹೇರಿಕೊಂಡು, ಗುಂಡ್ಯ ದಾಟಿ ಶಿರಾಡಿ ಘಟ್ಟ ಏರತೊಡಗಿದಾಗ ಎಂಜಿನ್ನಿಗೆ ಹದಿಮೂರರ ಗಾಢ ಮಿಶ್ರಣ ಬೇಕು. ಹಳೆಯ ಪೆಟ್ರೋಲಿನ ಲೆಕ್ಕಕ್ಕೆ ತಂದು ನೋಡಿದರೆ ಅದಕ್ಕೆ ಸಿಗುತ್ತಿರುವುದು ಹದಿನೈದನ್ನೂ ಮೀರಿದ್ದು. ಎಥನಾಲಿಗೆ ಬಡಿತವನ್ನು ತಡೆಯುವ ಮತ್ತು ತಂಪುಗೊಳಿಸುವ ಗುಣವಿರುವುದರಿಂದ ಕೊಂಚ ರಕ್ಷಣೆ ದೊರೆಯಬಹುದು. ಆದರೆ ಅದೇ ಎಥನಾಲ್ ಹಳೆಯ ಟ್ಯಾಂಕಿನ ಕೊಳೆಯನ್ನು ಸಡಿಲಿಸಿ ಫಿಲ್ಟರಿಗೆ ತಂದು ಕಟ್ಟಿದ್ದರೆ, ಹಳೆಯ ರಬ್ಬರನ್ನು ಮೆತ್ತಗೆ ಮಾಡಿದ್ದರೆ, ಆ ರಕ್ಷಣೆಯೂ ಮುಗಿದಂತೆಯೇ. ಘಟ್ಟದ ತಿರುವಿನಲ್ಲಿ ಸೋತು ನಿಂತ ಕಾರಿನ ಸುತ್ತ ಜನ ಸೇರಿ 'ಹಳೇ ಗಾಡಿ, ಇನ್ನೇನು' ಎನ್ನುತ್ತಾರೆ. ಗಾಡಿಯ ವಯಸ್ಸಿಗೆ ಆ ಅಪವಾದ ಸಲ್ಲದು. ಒಂದೊಂದೂ ತಾಳಬಹುದಾಗಿದ್ದ ಮೂರು ಸಣ್ಣ ಕೊರತೆಗಳನ್ನು ಯಾರೂ ಕೂಡಿಸಿ ನೋಡಿರಲಿಲ್ಲ.

ಇಂಥ ಕಾರಿಗೆ ಚಿಕಿತ್ಸೆ ಕಷ್ಟದ್ದಲ್ಲ. ಜೆಟ್ಟನ್ನು ಮೊದಲಿನ ಅಳತೆಗೆ ತರುವುದು, ಬೇಕಾದರೆ ಎಥನಾಲಿಗೆ ತಕ್ಕಂತೆ ಒಂದು ಮೆಟ್ಟಿಲು ದೊಡ್ಡದು ಮಾಡುವುದು, ಹೋಸುಗಳನ್ನೂ ಫಿಲ್ಟರನ್ನೂ ಬದಲಾಯಿಸುವುದು, ಇಷ್ಟೇ. ಕೆಲವು ನೂರು ರೂಪಾಯಿಗಳಿಂದ ಒಂದೆರಡು ಸಾವಿರದೊಳಗೆ ಆಗುವ ಈ ಕೆಲಸವನ್ನು ಮುಂದೂಡಿದರೆ, ಸುಟ್ಟ ವಾಲ್ವಿಗಾಗಿ ಎಂಜಿನ್ನಿನ ತಲೆಯನ್ನೇ ಬಿಚ್ಚಿಸಬೇಕಾಗುತ್ತದೆ. ವರ್ಷವಿಡೀ ಉಳಿಸಿದ ಪೆಟ್ರೋಲಿನ ಹಣ ಅದರ ಕೂಲಿಗೂ ಸಾಲದು.

ಮಿತವ್ಯಯಕ್ಕೆ ಬೇರೆ ದಾರಿಗಳಿವೆ. ಟೈರಿನ ಗಾಳಿ ಸರಿಯಾಗಿರಲಿ, ಬ್ರೇಕು ಹಿಡಿದುಕೊಳ್ಳದಿರಲಿ, ಬೇಡದ ಸಾಮಾನು ಡಿಕ್ಕಿಯಿಂದ ಇಳಿಯಲಿ, ಬಲಗಾಲು ಹಗುರವಾಗಿರಲಿ. ಎಂಜಿನ್ನಿನ ತುತ್ತಿನಿಂದ ಮಾತ್ರ ಕಸಿಯುವುದು ಬೇಡ. ಗಾಡಿ ತಡವರಿಸತೊಡಗಿದರೆ ಗ್ಯಾರೇಜಿಗೆ ಹೋಗುವ ಮುನ್ನ ಎರಡು ದಿನ ಗಮನಿಸಿ, ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು: ನಿಂತಾಗಲೋ ಓಡುವಾಗಲೋ, ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಸಮತಟ್ಟಿನಲ್ಲೋ ಏರಿನಲ್ಲೋ, ಎಲ್ಲಿ ಪೆಟ್ರೋಲು ತುಂಬಿಸಿದ ಮೇಲೆ? ಒಳ್ಳೆಯ ಮೆಕ್ಯಾನಿಕನಿಗೆ ಆ ನಾಲ್ಕು ಸಾಲಿನ ಚೀಟಿ ಸ್ಕ್ಯಾನರಿನಷ್ಟೇ ಉಪಯುಕ್ತ. ಅವಸರದ ಮೆಕ್ಯಾನಿಕನ ಕೈ ಹಿಡಿದು ನಿಲ್ಲಿಸುವುದಕ್ಕೂ ಅದೇ ಸಾಕು.